ಲಿಂಕಣ್ಣ

ಸೌದಿಯ ಜುಬೈಲಿನಲ್ಲಿ ಶುಕ್ರವಾರ ಮಧ್ಯಾಹ್ನ ಊರವರು ಯಾರ ಮನೆಯಲ್ಲಿ ಊಟಕ್ಕೆ ಸೇರಿದರೂ ಲಿಂಕಣ್ಣ ಹಾಜರು. ನಿಜವಾದ ಹೆಸರು ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ ಮಾತ್ರ ಉಳಿದಿದೆ. ಹಗಲಿಗೆ ಪ್ಲಾಂಟಿನಲ್ಲಿ ಸೇಫ್ಟಿ ಸೂಪರ್‌ವೈಸರ್. ರಾತ್ರಿಗೆ, ಮನೆಯಲ್ಲೇ ಕೂತು ದುಡಿಯುವ ಕೆಲಸಗಳ ಸಂಶೋಧಕ. ಕೋಳಿಸುಕ್ಕ ಬಡಿಸುವಷ್ಟರಲ್ಲಿ ನಮ್ಮೆಲ್ಲರ ಫೋನು ಒಟ್ಟಿಗೆ ಟಿಣ್ ಎನ್ನುತ್ತದೆ. ಲಿಂಕ್ ಬಂತು ಎಂದರ್ಥ.

ಚಟ ಹತ್ತಿದ್ದು 2017ರ ಜುಲೈಯಲ್ಲಿ, ಹೊರದೇಶದ ನೌಕರರ ಹೆಂಡತಿ ಮಕ್ಕಳ ತಲೆಗೆ ತಿಂಗಳಿಗೆ 100 ರಿಯಾಲ್ ಸರ್ಕಾರಿ ಫೀ ಬಿದ್ದಾಗ. ವರ್ಷಕ್ಕೆ ನೂರರಂತೆ ಏರಿ 2020ಕ್ಕೆ ಅದು 400 ಆಯಿತು. ಮೂರು ತಲೆಗೆ ವರ್ಷಕ್ಕೆ 14,400! ಎಷ್ಟೋ ಮಂದಿ ಸೋಫಾ ಮಾರಿ ಸಂಸಾರವನ್ನು ಮಂಗಳೂರಿನ ವಿಮಾನ ಹತ್ತಿಸಿದರು. ಲಿಂಕಣ್ಣ ಬಗ್ಗಲಿಲ್ಲ. "ಎಂ.ಕಾಂ. ಕಲಿತ ಹೆಂಡತಿ ಇದ್ದಾಳೆ, ವೈಫೈ ಇದೆ, ಇನ್ನೆಂಥ ಬೇಕು ಮಾರಾಯ್ರೆ?"

ಆಕೆಯ ಇಕಾಮಾದಲ್ಲಿ 'ಕೆಲಸಕ್ಕೆ ಅನುಮತಿಯಿಲ್ಲ' ಎಂದು ಅರಬಿಯಲ್ಲಿ ಅಚ್ಚಾಗಿತ್ತು. "ಅದು ಹೊರಗಿನ ಕೆಲಸಕ್ಕೆ" ಎಂಬುದು ಲಿಂಕಣ್ಣನ ಸ್ವಂತ ತೀರ್ಪು. ಅಜೀರ್ ಎಂಬ ಕೆಲಸದ ಪರವಾನಗಿ ಮಾಡಿಸಿ ಶಾಲೆಯಲ್ಲಿ ಕಲಿಸಬಹುದಲ್ಲ ಎಂದರೆ, "ಅದಕ್ಕೆ ದಿನಾ ಬಸ್ಸು ಹತ್ತಬೇಕು."

ಮೊದಲು ಕ್ಯಾಪ್ಚಾ ಟೈಪಿಂಗ್. ರಿಜಿಸ್ಟ್ರೇಷನ್ ಫೀ ಎಂದು ಎರಡು ಸಾವಿರ ರೂಪಾಯಿ ಹೋಯಿತು. ಆಮೇಲೆ ವಿಡಿಯೋಗೆ ಲೈಕ್ ಒತ್ತುವ ಕೆಲಸ. ಮೊದಲ ದಿನ 150 ರೂಪಾಯಿ ನಿಜವಾಗಿ ಬಂತು. ಆ ಸಂತೋಷಕ್ಕೆ ನಮಗೆಲ್ಲ ಐಸ್‌ಕ್ರೀಮ್ ಕೊಡಿಸಿ ಮುನ್ನೂರು ಖರ್ಚು ಮಾಡಿದರು. ಮೂರನೇ ದಿನ 'ಪ್ರೀಪೇಯ್ಡ್ ಟಾಸ್ಕ್'. ಐದು ಸಾವಿರ ಕಟ್ಟಿದರೆ ಆರೂವರೆ. ಮತ್ತೆ ಕಟ್ಟಿದರು. ಪರದೆಯ ಮೇಲೆ ನಲವತ್ತು ಸಾವಿರ ಕಾಣುತ್ತಿತ್ತು. ಬಿಡಿಸಿಕೊಳ್ಳಲು 'ಟ್ಯಾಕ್ಸ್' ಬೇರೆ ಕಟ್ಟಬೇಕಂತೆ! ಪ್ಲಾಂಟಿನಲ್ಲಿ ಪರ್ಮಿಟ್ ಇಲ್ಲದೆ ಒಂದು ವಾಲ್ವಿಗೂ ಕೈಯಿಡಲು ಬಿಡದ ಮನುಷ್ಯ, ತನ್ನ ಹೆಬ್ಬೆರಳನ್ನು ಮಾತ್ರ ಯಾವ ಪರ್ಮಿಟ್ಟೂ ಇಲ್ಲದೆ ಬಿಟ್ಟಿದ್ದರು.

ಕಡೆಗೆ ಮನೆಯವರೂ ಉಡುಪಿಗೆ ಹೋದರು. ಲಿಂಕುಗಳು ಈಗ ಅಲ್ಲಿಗೂ ಹೋಗುತ್ತವೆ.

ಕಳೆದ ಶುಕ್ರವಾರ ನಾನೇ ಒಂದು ಸುದ್ದಿ ತಂದೆ. ಉಡುಪಿಯಲ್ಲಿ ನನ್ನ ಭಾವನ ಅಕೌಂಟ್ಸ್ ಆಫೀಸಿದೆ, ಮನೆಯಿಂದಲೇ ಜಿಎಸ್‌ಟಿ ಲೆಕ್ಕ ನೋಡುವವರು ಬೇಕಂತೆ.

"ಫೀ ಎಷ್ಟು?"

"ಇಲ್ಲ."

"ಡೆಪಾಸಿಟ್?"

"ಅದೂ ಇಲ್ಲ."

"ಮೊದಲ ದಿನ ಎಷ್ಟು ಹಾಕ್ತಾರೆ?"

"ತಿಂಗಳು ಮುಗಿದ ಮೇಲೆ ಸಂಬಳ."

ಲಿಂಕಣ್ಣ ತಟ್ಟೆ ಕೆಳಗಿಟ್ಟು, ಮರುಕದಿಂದ ನನ್ನ ಭುಜ ಹಿಡಿದರು. "ಒಂದು ತಿಂಗಳು ದುಡಿಸಿ ಆಮೇಲೆ ಕೊಡ್ತಾರಂತೆ! ನಿಮಗೆ ಯಾರೋ ಸಮಾ ಟೋಪಿ ಹಾಕಿದ್ದಾರೆ ಮಾರಾಯ್ರೆ."

ಭಾವನ ನಂಬರು ಬೇಕೆಂದರು. ಪಾಪ, ಮನಸ್ಸು ಬದಲಾಯಿತೇನೋ ಎಂದು ಕೊಟ್ಟೆ. ಸಾರಿಗೆ ಕೈ ಹಾಕುವಷ್ಟರಲ್ಲಿ ಎಲ್ಲರ ಫೋನೂ ಟಿಣ್ ಎಂದಿತು: 'ಎಚ್ಚರಿಕೆ! ಈ ನಂಬರಿನಿಂದ ಕೆಲಸ ಕೊಡುತ್ತೇವೆಂದು ಕರೆ ಬಂದರೆ ಎತ್ತಬೇಡಿ. ಆದಷ್ಟು ಜನರಿಗೆ ಕಳಿಸಿ.'