ಕಂಟ್ರಿ ಹೌಸ್ ರಾಯರು

ಇಂಗ್ಲೆಂಡಿನ ಸ್ಟಾಕ್‌ಪೋರ್ಟ್ ಸುತ್ತಮುತ್ತಲ ಕನ್ನಡಿಗರಲ್ಲಿ, ಊರಿನಿಂದ ಬಂದ ನೆಂಟರನ್ನು ಹಂಚಿಕೊಂಡು ಸುತ್ತಾಡಿಸುವ ಪದ್ಧತಿ ಇದೆ. ಒಬ್ಬರು ಫುಟ್‌ಬಾಲ್ ಮೈದಾನ ತೋರಿಸುತ್ತಾರೆ. ಇನ್ನೊಬ್ಬರು ಲೇಕ್ ಡಿಸ್ಟ್ರಿಕ್ಟ್‌ಗೆ ಕಾರು ಓಡಿಸುತ್ತಾರೆ. ಮತ್ತೊಬ್ಬರು ಬೆಳಗ್ಗೆ ಪ್ರೈಮಾರ್ಕ್ ಬಾಗಿಲಲ್ಲಿ ಇಳಿಸಿ ಸಂಜೆ ಚೀಲಗಳ ಸಮೇತ ಎತ್ತಿಕೊಂಡು ಬರುತ್ತಾರೆ. ಊಟದ ಖಾತೆ ಮಾತ್ರ ರಾಯರದು. ಅದಕ್ಕೆ ಬೇರೆಯವರು ಕೈ ಹಾಕುವ ಹಾಗಿಲ್ಲ.

ಊಟ ಎಂದರೆ ನಮ್ಮ ಕಡೆಯ ಹೋಟೆಲುಗಳು ಸಾಲುಗಟ್ಟಿದ ಮ್ಯಾಂಚೆಸ್ಟರಿನ ಕರಿ ಮೈಲ್ ಎಂದುಕೊಂಡರೆ ನಿಮಗೆ ರಾಯರು ಗೊತ್ತಿಲ್ಲ. "ಅಲ್ಲಿ ಹೊಟ್ಟೆ ತುಂಬುತ್ತೆ ರೀ, ಅಷ್ಟೇ" ಎಂದು ಅವರು ಕೈಯಾಡಿಸಿಬಿಡುತ್ತಾರೆ. ರಾಯರ ಊಟಕ್ಕೆ ಮೊದಲು ಒಂದು ಮನೆ ಬೇಕು. ಅದಕ್ಕೆ ಇನ್ನೂರು ವರ್ಷವಾದರೂ ಆಗಿರಬೇಕು. ಗೇಟು ದಾಟಿದ ಮೇಲೂ ಬಾಗಿಲು ಕಾಣಿಸಬಾರದು, ಕಾರಿನ ಚಕ್ರದಡಿ ಜಲ್ಲಿ ಕರಕರ ಎನ್ನಬೇಕು, ಒಳಗೆ ಹೋದರೆ ಯಾರದೋ ಮುತ್ತಾತ ಬೇಟೆನಾಯಿಯ ಜೊತೆ ಗೋಡೆಯ ಮೇಲಿಂದ ದುರುಗುಟ್ಟಿ ನೋಡಬೇಕು. ಇಷ್ಟೆಲ್ಲ ಇದ್ದರೆ ಊಟ ಹೇಗಿದ್ದರೂ ನಡೆಯುತ್ತದೆ.

ರಾಯರು ಎಂದರೆ ಒಬ್ಬ ವ್ಯಕ್ತಿಯಲ್ಲ, ಒಂದು ತಳಿ. ಲೀಡ್ಸಿನಲ್ಲಿ ಇದ್ದಾರೆ, ಬರ್ಮಿಂಗ್‌ಹ್ಯಾಮಿನಲ್ಲಿ ಬೇಕಾದಷ್ಟು ಇದ್ದಾರೆ. ನಾನು ಬರೆಯುತ್ತಿರುವುದು ಸ್ಟಾಕ್‌ಪೋರ್ಟಿನ ಮಾದರಿ: ಹುಟ್ಟಿದ್ದು ಮೈಸೂರು, ಓದಿದ್ದು ಅಲ್ಲೇ, ಜೀವನ ಸವೆಸಿದ್ದು ಇಲ್ಲಿಯ ಎನ್‌ಎಚ್‌ಎಸ್ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ, ನಿವೃತ್ತರಾಗಿ ಬ್ರ್ಯಾಮ್‌ಹಾಲ್‌ನ ಮನೆಯಲ್ಲಿ ಗುಲಾಬಿ ಕತ್ತರಿಸುತ್ತಿದ್ದಾರೆ. ಈ ದೇಶದಲ್ಲಿ ಶಸ್ತ್ರವೈದ್ಯರನ್ನು ಡಾಕ್ಟರ್ ಎನ್ನುವುದಿಲ್ಲ, ಮಿಸ್ಟರ್ ಎನ್ನುತ್ತಾರೆ. ಅದನ್ನು ಕೇಳಿ ಅವರ ಅಕ್ಕ, "ಅಯ್ಯೋ, ಏನು ತಪ್ಪು ಮಾಡಿದ್ಯೋ, ಡಾಕ್ಟರ್ ಅನ್ನೋದನ್ನೇ ಕಿತ್ಕೊಂಡ್ರಲ್ಲ!" ಎಂದು ಫೋನಿನಲ್ಲೇ ಅತ್ತಿದ್ದರಂತೆ. ಆಸ್ಪತ್ರೆಯಲ್ಲಿ ಹೆಮ್ಮೆಯಿಂದ ಮಿಸ್ಟರ್ ಆಗಿದ್ದ ರಾಯರು ಹೋಟೆಲಿನ ಟೇಬಲ್ ಬುಕ್ ಮಾಡುವಾಗ ಮಾತ್ರ ತಪ್ಪದೆ ಡಾಕ್ಟರ್ ಆಗುತ್ತಾರೆ. ಕಿಟಕಿ ಪಕ್ಕದ ಟೇಬಲ್ ಸಿಗುತ್ತದಂತೆ.

ಕಳೆದ ಸೆಪ್ಟೆಂಬರ್ ಕೊನೆಗೆ ಆ ಅಕ್ಕ, ಭಾವ ಮೈಸೂರಿನಿಂದ ಬಂದರು. ಚೆಶೈರ್ ಕಡೆಯ ಒಂದು ಹಳೆಯ ಬಂಗಲೆ ಹೋಟೆಲಿನಲ್ಲಿ ಏಳು ಕೋರ್ಸಿನ ಊಟ ಗೊತ್ತಾಯಿತು. ರಾಯರ ಉಪನ್ಯಾಸಕ್ಕೆ ಹೊಸ ಕಿವಿಗಳೊಂದಿಗೆ ಒಂದು ಹಳೆಯ ಕಿವಿಯೂ ಇರಲೆಂದು ನನ್ನನ್ನೂ ಕರೆದರು.

ಉಪನ್ಯಾಸ ಊಟಕ್ಕೆ ಮೂರು ದಿನ ಮೊದಲೇ ಶುರುವಾಗುತ್ತದೆ. ಮೊದಲ ದಿನ ಬ್ರ್ಯಾಮಾಲ್ ಹಾಲ್. ಕಪ್ಪು ತೊಲೆ, ಬಿಳಿ ಗೋಡೆಯ ಆ ಟ್ಯೂಡರ್ ಕಾಲದ ಮನೆಯಲ್ಲಿ ಡೇವನ್‌ಪೋರ್ಟ್ ಮನೆತನ ಸುಮಾರು ಐದು ಶತಮಾನ ಬಾಳಿತು, ಈಗ ಅದು ಪುರಸಭೆಯ ಸ್ವತ್ತು. "ಅಂದ್ರೆ ನಂದು" ಎನ್ನುತ್ತಾರೆ ರಾಯರು, ಕೌನ್ಸಿಲ್ ಟ್ಯಾಕ್ಸ್ ಕಟ್ಟುವವರ ಹಕ್ಕಿನಿಂದ. ಎರಡನೆಯ ದಿನ ಡಿಸ್ಲಿಯ ಲೈಮ್ ಪಾರ್ಕ್. ಲೀ ಮನೆತನ ಹದಿನಾಲ್ಕನೇ ಶತಮಾನದ ಕೊನೆಯಿಂದ ಇಟ್ಟುಕೊಂಡಿದ್ದ ಆ ಅರಮನೆಯಂಥ ಮನೆಯನ್ನು 1946ರಲ್ಲಿ ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಕೊಟ್ಟಿತು. 1995ರ ಬಿಬಿಸಿ ಧಾರಾವಾಹಿ 'ಪ್ರೈಡ್ ಅಂಡ್ ಪ್ರೆಜುಡಿಸ್'ನಲ್ಲಿ ಮಿಸ್ಟರ್ ಡಾರ್ಸಿಯ ಮನೆಯಾಗಿ ಕಂಡಿದ್ದು ಇದೇ. ಕೊಳ ತೋರಿಸಿ, ಡಾರ್ಸಿ ನೀರಿಗೆ ಹಾರಿದ ಕಥೆಯನ್ನು ರಾಯರು ಸ್ವತಃ ಎತ್ತಿದವರ ಹಾಗೆ ಹೇಳಿದರು. "ಥಂಡಿ ಆಗ್ಲಿಲ್ವಂತಾ?" ಎಂದರು ಅಕ್ಕ. ಮೂರನೆಯ ದಿನ ಪೇಟೆ: 1840ರಲ್ಲಿ ಕಟ್ಟಿದ ರೈಲ್ವೆ ವಯಾಡಕ್ಟ್, ಅದರ ಇಪ್ಪತ್ತೇಳು ಕಮಾನು, ಒಂದು ಕೋಟಿಗೂ ಮೀರಿದ ಇಟ್ಟಿಗೆ, ಮತ್ತೆ ಹ್ಯಾಟ್ ವರ್ಕ್ಸ್ ಮ್ಯೂಸಿಯಂ. ಒಂದು ಕಾಲಕ್ಕೆ ಈ ಊರು ಬದುಕಿದ್ದೇ ಟೋಪಿ ಮಾಡಿ. ಇಲ್ಲಿಯ ಫುಟ್‌ಬಾಲ್ ತಂಡವನ್ನು ಇವತ್ತಿಗೂ ಹ್ಯಾಟರ್ಸ್ ಎಂದೇ ಕರೆಯುತ್ತಾರೆ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಭಾವ ಈ ವಿಷಯವನ್ನು ಗಮನವಿಟ್ಟು ಕೇಳಿಸಿಕೊಂಡರು. ಏಕೆಂದು ಆಮೇಲೆ ತಿಳಿಯಿತು.

ನಾಲ್ಕನೆಯ ದಿನ ಸಂಜೆ ಐದೂವರೆಗೆ ರಾಯರ ಮನೆಗೆ ಹೋದರೆ ಎಲ್ಲರೂ ಅಡುಗೆಮನೆಯಲ್ಲಿ ಕೂತು ಸಾರನ್ನ ಕಲಸುತ್ತಿದ್ದಾರೆ! ಇಂಥ ಊಟ ಮುಗಿಸಿ ಬಂದವರು ಮನೆಯಲ್ಲಿ ಕದ್ದು ಮೊಸರನ್ನ ತಿನ್ನುವ ಕಥೆಯನ್ನು ನೀವು ಕೇಳಿರುತ್ತೀರಿ. ಅದು ಕಲಿಯುವವರ ಕ್ರಮ. ರಾಯರು ಪಳಗಿದವರು, ಮುಂಚೆಯೇ ತಿಂದು ಹೊರಡುತ್ತಾರೆ. "ಹಸ್ಕೊಂಡು ಹೋಗಬಾರದು ರೀ ಅಲ್ಲಿಗೆ. ಹಸಿದವನಿಗೆ ರುಚಿ ಗೊತ್ತಾಗೋದಿಲ್ಲ, ಪ್ರಮಾಣ ಮಾತ್ರ ಗೊತ್ತಾಗುತ್ತೆ." ಅವರ ಬಾಯಿಂದ ಬಂದ ಮಾತುಗಳಲ್ಲಿ ಇದೊಂದನ್ನು ನಾನು ಪೂರ್ತಿ ಒಪ್ಪುತ್ತೇನೆ.

ಕಾರಿನಲ್ಲಿ ಉಪನ್ಯಾಸದ ಕೊನೆಯ ಕಂತು. ಇಂಗ್ಲೆಂಡಿನಲ್ಲಿ ಹಳ್ಳಿಯ ದೊಡ್ಡ ಮನೆಯನ್ನು ಊಟದ ಹೋಟೆಲಾಗಿ ಮಾಡಿದ ಮೊದಲಿಗರಲ್ಲಿ ಫ್ರಾನ್ಸಿಸ್ ಕೋಲ್ಸನ್ ಎಂಬಾತ ಒಬ್ಬ. 1948ರಲ್ಲಿ ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ಶ್ಯಾರೋ ಬೇ ಎಂಬ ಹೋಟೆಲ್ ತೆರೆದ. ಆಗ ದೇಶದಲ್ಲಿ ರೇಷನ್ ಕಾಲ. ಅದು ಪೂರ್ತಿ ಮುಗಿದದ್ದು 1954ರಲ್ಲಿ. ಬೆಣ್ಣೆ ಸಕ್ಕರೆಗೆ ಚೀಟಿ ಹಿಡಿದು ನಿಲ್ಲುವ ದಿನಗಳಲ್ಲಿ ಹೀಗೊಂದು ಊಟದ ಮನೆ ತೆರೆಯಲು ಎಷ್ಟು ಧೈರ್ಯ ಬೇಕು! ಇದನ್ನು ಹೇಳುವಾಗ ರಾಯರ ಕಣ್ಣು ತುಂಬಿತ್ತು. ಹಿಂದಿನ ಸೀಟಿನಲ್ಲಿ ಭಾವ ನಿದ್ದೆ ಹೋಗಿದ್ದರು.

ಹೋಟೆಲಿನಲ್ಲಿ ಇಳಿದಾಗ ಕಂಡದ್ದು ನಾಲ್ಕು ಮಂದಿ ಶಿಸ್ತಿನ ಜನ, ಅಂದರೆ ನಾವು. ರಾಯರು ಟ್ವೀಡ್ ಕೋಟು, ಟೈ. ಜೇಬಿನಲ್ಲಿ ಟೈಗೆ ಹೊಂದುವ ಕರವಸ್ತ್ರ. ಅಕ್ಕನದು ಮೈಸೂರು ಸಿಲ್ಕು. ಪಕ್ಕದ ಟೇಬಲ್ಲಿನಲ್ಲಿದ್ದ ಅಪ್ಪಟ ಇಂಗ್ಲಿಷ್ ಸಂಸಾರ ಜೀನ್ಸು, ಕ್ರೀಡೆಯ ಬೂಟು ಹಾಕಿಕೊಂಡು ಆರಾಮವಾಗಿ ಕೂತಿತ್ತು. ರಾಯರು ಅವರ ಬೂಟು ನೋಡಿ, ಮೇಷ್ಟರು ಹೋಂವರ್ಕ್ ಮಾಡದ ಹುಡುಗನಿಗೆ ಬಿಡುವ ನಿಟ್ಟುಸಿರು ಬಿಟ್ಟರು. "ಇವರ ಸಂಸ್ಕೃತಿ ಇವರಿಗೇ ಬೇಡ ರೀ."

ನೀರು ಯಾವುದು, ಗುಳ್ಳೆ ಇರುವುದೋ ಇಲ್ಲದ್ದೋ ಎಂದು ಹೋಟೆಲಿನ ಹುಡುಗ ಬಗ್ಗಿ ಕೇಳಿದ. ಎರಡಕ್ಕೂ ಬಾಟಲಿಯ ಬೆಲೆ ಇದೆ. ರಾಯರು ಕನ್ನಡಕ ಸರಿಮಾಡಿಕೊಂಡು, ಷಾಂಪೇನ್ ತರಿಸುವ ಗತ್ತಿನಲ್ಲಿ, "ಟ್ಯಾಪ್ ವಾಟರ್" ಎಂದರು. ಮದ್ಯ ಮಾರುವ ಪರವಾನಗಿ ಇರುವ ಕಡೆ ಕೇಳಿದರೆ ನಲ್ಲಿ ನೀರನ್ನು ಪುಕ್ಕಟೆ ಕೊಡಲೇಬೇಕು, 2010ರಿಂದ ಇಂಗ್ಲೆಂಡಿನಲ್ಲಿ ಅದು ಕಾನೂನು. ಆಮೇಲೆ ವೈನ್. ಹುಡುಗ ಲೋಟದ ತಳದಲ್ಲಿ ಒಂದು ಗುಟುಕು ಸುರಿದು ನಿಂತ. ಬಾಟಲಿಯ ಬಿರಡೆ ಕೆಟ್ಟು ವೈನ್ ಹಾಳಾಗಿಲ್ಲ ತಾನೇ ಎಂದು ನೋಡಲಷ್ಟೇ ಆ ಗುಟುಕು. ಇಷ್ಟವಾಯಿತೇ ಎಂದು ಯಾರೂ ಕೇಳುತ್ತಿಲ್ಲ. ರಾಯರು ಲೋಟ ತಿರುಗಿಸಿದರು, ಬೆಳಕಿಗೆ ಹಿಡಿದರು, ಮೂಸಿದರು, ಕಣ್ಣು ಮುಚ್ಚಿದರು. ಎಕ್ಸ್‌ರೇ ನೋಡುವಾಗಲೂ ಅವರು ಅಷ್ಟು ಹೊತ್ತು ತೆಗೆದುಕೊಳ್ಳುತ್ತಿರಲಿಲ್ಲವಂತೆ. ಕೊನೆಗೆ ತಲೆಯಾಡಿಸಿದರು. ಹುಡುಗನ ಮುಖದಲ್ಲಿ ಪ್ರಾಣ ಬಂತು.

ಅಲರ್ಜಿ ಏನಾದರೂ ಇದೆಯೇ ಎಂದು ಅವನು ಮುಂದಿನ ಪ್ರಶ್ನೆ ಕೇಳಿದ. ಈ ದೇಶದ ಕಾನೂನಿನ ಪ್ರಕಾರ ಹದಿನಾಲ್ಕು ಪದಾರ್ಥಗಳ ಬಗ್ಗೆ ಗಿರಾಕಿಗೆ ಹೇಳಲೇಬೇಕು. ಆ ಪಟ್ಟಿಯಲ್ಲಿ ಎಳ್ಳು, ಸಾಸಿವೆ, ಕಡಲೆಕಾಯಿ, ಗೋಧಿ, ಹಾಲು, ಗೋಡಂಬಿ ಎಲ್ಲ ಇವೆ; ನಮ್ಮ ಒಗ್ಗರಣೆ ಡಬ್ಬಿ ಇವರ ಲೆಕ್ಕದಲ್ಲಿ ಅಪಾಯದ ಸಾಮಾನು. ಆದರೆ ಆ ಪಟ್ಟಿ ಬರೆದವರು ಚಾತುರ್ಮಾಸ್ಯವನ್ನು ಗಮನಕ್ಕೆ ತಂದುಕೊಂಡಿರಲಿಲ್ಲ. ಅಕ್ಕನಿಗೆ ಆ ತಿಂಗಳು ಕ್ಷೀರವ್ರತ.

"ಇವರು ಹಾಲು ತಗೊಳ್ಳೋದಿಲ್ಲ" ಎಂದರು ರಾಯರು ಇಂಗ್ಲಿಷಿನಲ್ಲಿ.

ಹುಡುಗ ಗೆದ್ದವನಂತೆ ಬರೆದುಕೊಂಡ. ವೀಗನ್.

"ಮೊಸರು ಆಗುತ್ತೆ ಅಂತ ಹೇಳೋ" ಎಂದರು ಅಕ್ಕ. ಹುಡುಗ ಹೊಡೆದುಹಾಕಿದ. "ಹೋದ ತಿಂಗಳಾಗಿದ್ರೆ ಹಾಲು ಆಗ್ತಿತ್ತು, ಮೊಸರು ಆಗ್ತಿರ್ಲಿಲ್ಲ, ಅದನ್ನೂ ಹೇಳು. ಮುಂದಿನ ತಿಂಗಳು ಬಂದ್ರೆ ಬೇಳೆ ಇಲ್ಲ." ರಾಯರು ಅದನ್ನೂ ಭಾಷಾಂತರಿಸಿದರು; ಮರೆಮಾಚುವ ಸ್ವಭಾವ ಅವರದಲ್ಲ. ಹುಡುಗ ಬಹಳ ಹೊತ್ತು ಚೀಟಿ ನೋಡಿ, ವ್ಯವಸ್ಥಾಪಕಿಯನ್ನು ಕರೆತಂದ. ಆಕೆ ಎಲ್ಲವನ್ನೂ ಕೇಳಿ, ಅಲರ್ಜಿ ತಿಂಗಳು ತಿಂಗಳಿಗೂ ಬದಲಾಗುವುದು ವೈದ್ಯರಿಗೆ ತಿಳಿದಿದೆಯೇ ಎಂದು ಕಳವಳದಿಂದ ವಿಚಾರಿಸಿದಳು. "ನಾನೇ ಡಾಕ್ಟರ್" ಎಂದರು ರಾಯರು. ಕಡೆಗೆ, ಹೊರಗೆ ಬೇಯಿಸಿದ್ದೇ ಬೇಡ, ಹಣ್ಣು ಸಾಕು ಎಂದು ಅಕ್ಕ ತೀರ್ಪು ಕೊಟ್ಟರು. ಅಡುಗೆಮನೆಯಿಂದ ಬಂದ ತಟ್ಟೆಯಲ್ಲಿ ಅಂಜೂರ, ಪೇರು, ಪ್ಲಮ್ಮು ಎಸಳೆಸಳಾಗಿ ಬಿಡಿಸಿಕೊಂಡು ಕೂತಿದ್ದವು. ಆ ರಾತ್ರಿ ನಮ್ಮ ಟೇಬಲ್ಲಿಗೆ ಬಂದದ್ದರಲ್ಲಿ ಅದೇ ಶ್ರೇಷ್ಠ.

ನಮಗೆ ಬಂದದ್ದು ಕ್ಯಾರೆಟ್. ಮೊರದಗಲದ ತಟ್ಟೆ, ನಡುವೆ ಕಿರುಬೆರಳುದ್ದದ ಮೂರು ತುಂಡು, ಒಂದು ನೇರಳೆ, ಒಂದು ಹಳದಿ, ಒಂದು ಮಾಮೂಲಿ. ಪಕ್ಕದಲ್ಲಿ ಹಸಿರು ಚುಕ್ಕೆಗಳು. ಹುಡುಗ ಅದರ ಕುಲಗೋತ್ರ ಹೇಳಿದ: ಇದು ಹೆರಿಟೇಜ್ ಕ್ಯಾರೆಟ್, ಇಂಥ ತೋಟದ್ದು, ಇಂತಿಷ್ಟು ಗಂಟೆ ಹುಲ್ಲಿನ ಹೊಗೆಯಲ್ಲಿ ಇಟ್ಟದ್ದು. "ಹೆರಿಟೇಜ್ ಅಂದ್ರೆ ಪರಂಪರೆಯಿಂದ ಬಂದಿದ್ದು" ಎಂದು ರಾಯರು ಬಿಡಿಸಿ ಹೇಳಿದರು.

"ನಮ್ಮ ದೇವರಾಜ ಮಾರ್ಕೆಟ್‌ನದ್ದೇನು, ಮೊನ್ನೆ ಹುಟ್ಟಿದ್ದೇ?" ಎಂದರು ಭಾವ. ಒಂದೇ ಬಾಯಿಗೆ ಪರಂಪರೆ ಮುಗಿಸಿ ಮೆಲ್ಲಗೆ ಕೇಳಿದರು: "ಎರಡನೇ ಸಲ ಬಡಿಸೋಕೆ ಬರಲ್ವೇನಯ್ಯ?"

ಇಲ್ಲಿ ರಾಯರಿಗೆ ತಮ್ಮ ಪ್ರಿಯವಾದ ಸಿದ್ಧಾಂತ ಮಂಡಿಸಲು ಅವಕಾಶ ಸಿಕ್ಕಿತು. ಯೂರೋಪಿನ ಸಿರಿವಂತರ ಮನೆಯಲ್ಲೂ ಮೊದಲು ಎಲ್ಲ ಭಕ್ಷ್ಯವನ್ನೂ ಒಟ್ಟಿಗೇ ತಂದು ಮೇಜಿನ ಮೇಲೆ ಇಡುತ್ತಿದ್ದರು. ಒಂದಾದ ಮೇಲೊಂದು ತರುವ ಕ್ರಮ ಹತ್ತೊಂಬತ್ತನೇ ಶತಮಾನದಲ್ಲಿ ಹರಡಿದ್ದು, ಅದಕ್ಕೆ ರಷ್ಯನ್ ಪದ್ಧತಿ ಎಂದೇ ಹೆಸರು. ನಮ್ಮ ಎಲೆಯಲ್ಲಿ ಉಪ್ಪು, ಕೋಸಂಬರಿ, ಪಲ್ಯಕ್ಕೆ ಜಾಗ ಗೊತ್ತು, ಇವರಲ್ಲಿ ಹೊತ್ತು ಗೊತ್ತು. ಎರಡರಲ್ಲೂ ನಡುವೆ ಏಳುವ ಹಾಗಿಲ್ಲ. ಸಿದ್ಧಾಂತ ಚೆನ್ನಾಗಿಯೇ ಇದೆ. ಆದರೆ ನಮ್ಮ ಪಂಕ್ತಿಯಲ್ಲಿ ಬೇಡ ಬೇಡ ಎಂದು ಎರಡು ಕೈ ಅಡ್ಡ ಹಿಡಿದರೂ ಬಡಿಸಿ ಹೋಗುವ ಒಬ್ಬ ಇರುತ್ತಾನಲ್ಲ, ಅವನು ಇಲ್ಲಿ ಇಲ್ಲ. ಅದನ್ನು ರಾಯರು ಹೇಳಲಿಲ್ಲ, ಭಾವ ಹೇಳಿದರು.

ಆದರೂ ಭಾವ ದಾರಿ ಕಂಡುಕೊಂಡರು. ಆ ಊಟದಲ್ಲಿ ಕೇಳಿದಷ್ಟೂ ಕೊಡುವ ಪದಾರ್ಥ ಒಂದೇ ಒಂದು, ಬ್ರೆಡ್ಡು. ಬಿಸಿ ಬ್ರೆಡ್ಡು, ಉಪ್ಪು ಉದುರಿಸಿದ ಬೆಣ್ಣೆ. ಮೂರನೆಯ ಬುಟ್ಟಿ ಬಂದಾಗ ರಾಯರು ಕಿಟಕಿಯಾಚೆಯ ಹುಲ್ಲುಹಾಸನ್ನು ಅತಿ ಆಸಕ್ತಿಯಿಂದ ನೋಡತೊಡಗಿದರು. ಆಮೇಲೆ ಹುಡುಗ ಬೆಳ್ಳಿಯ ಪಟ್ಟಿ ಹಿಡಿದು ಭಾವನ ಮುಂದಿನ ಬ್ರೆಡ್ ಪುಡಿಯನ್ನು ಬಟ್ಟೆಯ ಮೇಲಿಂದ ಕೆರೆದು ತೆಗೆದ. "ಚೆಲ್ಲಿಕೊಂಡು ತಿಂತಾರೆ ಅಂತ ಅವನಿಗೂ ಗೊತ್ತಾಯ್ತು ನೋಡಿ" ಎಂದರು ಅಕ್ಕ.

ಬಿಲ್ಲು ಬಂತು, ಚರ್ಮದ ರಟ್ಟಿನೊಳಗೆ, ಎರಡು ಪುಟ್ಟ ಚಾಕೊಲೇಟಿನ ಜೊತೆ. ಕೊನೆಯಲ್ಲಿ ಹನ್ನೆರಡೂವರೆ ಪರ್ಸೆಂಟ್ ಸೇವಾಶುಲ್ಕ, 'ನಿಮ್ಮ ಇಚ್ಛೆ' ಎಂಬ ಷರಾದೊಂದಿಗೆ. ಅದನ್ನು ತೆಗೆಸಿದ ಕನ್ನಡಿಗನನ್ನು ನಾನು ಇನ್ನೂ ಕಂಡಿಲ್ಲ. ಇಚ್ಛೆ ಇಲ್ಲ ಎನ್ನಲು ಬೇಕಾದ ಗುಂಡಿಗೆ ನಮ್ಮಲ್ಲಿಲ್ಲ. ಭಾವ ಬ್ಯಾಂಕಿನ ಕಣ್ಣಿನಿಂದ ಒಂದು ಸಲ ನೋಡಿ, ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ, ರಟ್ಟು ಮುಚ್ಚಿದರು.

"ಟೋಪಿಗೆ ಹೆಸರಾದ ಊರು ಅಂದ್ಯಲ್ಲ, ಈಗ ಅರ್ಥವಾಯ್ತು."

ರಾಯರೂ ನಕ್ಕರು. ನಗಬಲ್ಲವರು ಅವರು, ಅದೇ ಈ ತಳಿಯನ್ನು ಸಹಿಸಿಕೊಳ್ಳಲು ನನಗಿರುವ ಮುಖ್ಯ ಕಾರಣ. ಇನ್ನೊಂದು ಕಾರಣ ವಾಪಸ್ ಬರುವಾಗ ಕಾರಿನಲ್ಲಿ ಗೊತ್ತಾಯಿತು. ಹುಡುಗನಾಗಿದ್ದಾಗ ರಾಯರು ಸೈಕಲ್ಲಿನಲ್ಲಿ ಲಲಿತಮಹಲ್ ಗೇಟಿನವರೆಗೆ ಹೋಗಿ ನಿಲ್ಲುತ್ತಿದ್ದರಂತೆ. ವೈಸ್‌ರಾಯ್ ಇಳಿದುಕೊಳ್ಳಲೆಂದು ನಾಲ್ವಡಿಯವರು 1921ರಲ್ಲಿ ಅಡಿಗಲ್ಲು ಹಾಕಿ ಕಟ್ಟಿಸಿದ ಆ ಬಿಳಿಯ ಅರಮನೆ 1974ರಲ್ಲಿ ಹೋಟೆಲಾಯಿತು. ಅದೇ 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ಕೆಡವಿ ಹಾಕಿದ ನೂರಾರು ಇಂಗ್ಲಿಷ್ ಬಂಗಲೆಗಳ ಮೇಲೆ ಒಂದು ಪ್ರದರ್ಶನ ನಡೆಸಿ ಊರೆಲ್ಲ ಮರುಗುವಂತೆ ಮಾಡಿತ್ತು. ಪಿತ್ರಾರ್ಜಿತ ಆಸ್ತಿಯ ಮೇಲಿನ ತೆರಿಗೆ ಒಂದು ಕಡೆ, ಸೋರುವ ಛಾವಣಿ ಇನ್ನೊಂದು ಕಡೆ; ಆಳುಕಾಳುಗಳಿಲ್ಲದೆ ನಲವತ್ತು ಕೋಣೆ ಗುಡಿಸುವವರು ಯಾರು? ಉಳಿದ ಮನೆಗಳು ಮದುವೆ ಮಂಟಪವೋ ಶಾಲೆಯೋ ಹೋಟೆಲೋ ಆಗಿ ಉಳಿದವು. "ಗೇಟಿನ ಆಚೆ ನಿಂತಿದ್ದವನು ನಾನು. ಈಗ ಒಳಗೆ ಕೂತು, ನೀರು ಪುಕ್ಕಟೆ ಕೊಡು ಅಂತೀನಿ" ಎಂದರು ರಾಯರು. ಭಾವ ಈ ಸಲ ಎಚ್ಚರವಾಗಿದ್ದರು. "ಅಷ್ಟಕ್ಕಾದರೆ ದುಬಾರಿಯಲ್ಲ ಬಿಡು" ಎಂದರು.

ನನ್ನ ಅಭಿಪ್ರಾಯ ಕೇಳಿದರೆ, ಆ ಊಟದ ಬೆಲೆಯಲ್ಲಿ ಮುಕ್ಕಾಲು ಪಾಲು ಮನೆಯ ಬಾಡಿಗೆ, ಕ್ಯಾರೆಟ್ ನೆಪ. ಛಾವಣಿಯ ರಿಪೇರಿಗೆ ರಾಯರಂಥವರು ಎರಡು ತಿಂಗಳಿಗೊಮ್ಮೆ ಸಲ್ಲಿಸುವ ಕಾಣಿಕೆ ಅದು. ಇಂಗ್ಲಿಷರ ಹಳೆಯ ಶ್ರೀಮಂತಿಕೆಯ ಮೇಲೆ ಇಂಗ್ಲಿಷರಿಗಿಂತ ಹೆಚ್ಚು ಮಮತೆ ಇಟ್ಟುಕೊಂಡು, ಟೈ ಕಟ್ಟಿಕೊಂಡು ಹೋಗಿ ಕೂರುವವರು ಇವರು ತಾನೇ?

ನಿಮ್ಮನ್ನೂ ಯಾವುದಾದರೂ ಊರಿನ ರಾಯರು ಕರೆದರೆ ಖಂಡಿತ ಹೋಗಿ. ವ್ರತ, ನೇಮ, ಈರುಳ್ಳಿ ಬೆಳ್ಳುಳ್ಳಿಯ ವಿಚಾರವನ್ನು ಟೇಬಲ್ ಬುಕ್ ಮಾಡುವ ದಿನವೇ ಹೇಳಿಸಿ; ಹೇಳಿದ್ದನ್ನು ಹೋಟೆಲಿನವರು ಶ್ರದ್ಧೆಯಿಂದ ನಡೆಸಿಕೊಡುತ್ತಾರೆ. ಸಸ್ಯಾಹಾರಿಗಳು ಚೀಸ್ ಬಂದಾಗ ರೆನೆಟ್ ಯಾವುದೆಂದು ಕೇಳಿ, ಅಸಲಿ ಪಾರ್ಮೆಸಾನ್ ಕರುವಿನ ಜಠರದ ರೆನೆಟ್ ಇಲ್ಲದೆ ಆಗುವುದಿಲ್ಲ. ಬ್ರೆಡ್ಡನ್ನು ಮತ್ತೆ ಕೇಳಲು ಸಂಕೋಚ ಬೇಡ. ರೂಪಾಯಿಗೆ ಗುಣಿಸುವ ಕೆಲಸವನ್ನು ಮಾತ್ರ ದಯವಿಟ್ಟು ವಾಪಸ್ ವಿಮಾನ ಹತ್ತಿದ ಮೇಲೆ ಇಟ್ಟುಕೊಳ್ಳಿ.