ಬೀಗರ ಸಾಯಂಸಂಧ್ಯೆ

ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್ ಎಂಬ ಸೀಮೆಯು ವಿಸ್ತೀರ್ಣದಲ್ಲಿ ನಮ್ಮ ಕರ್ಣಾಟಕದ ಏಳರಷ್ಟಿದ್ದು, ಅಲ್ಲಿನ ಜನಸಂಖ್ಯೆ ಮಾತ್ರ 45,000ದ ಆಸುಪಾಸಿನಲ್ಲಿರುವುದರಿಂದಲೂ, ಅವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ರಾಜಧಾನಿಯಾದ ಯೆಲ್ಲೋನೈಫಿನಲ್ಲಿಯೇ ನೆಲೆಸಿರುವುದರಿಂದಲೂ, ಮಿಕ್ಕ ಭೂಮಿಯೆಲ್ಲವೂ ಕಲ್ಲು, ನೀರು, ಪೈನ್ ಮರ ಮತ್ತು ಸೊಳ್ಳೆಗಳ ಅವಿಭಕ್ತ ಆಸ್ತಿಯಾಗಿ ಉಳಿದಿದೆ. ಜೂನ್ ತಿಂಗಳಿನಲ್ಲಿ ಅಲ್ಲಿಗೆ ಹೋಗಿ, ಆ ಊರಿನ ಹೊರವಲಯದ ಲಾಂಗ್ ಲೇಕ್ ಎಂಬ ಸರೋವರದ ದಡದಲ್ಲಿರುವ ಉದ್ಯಾನದಲ್ಲಿ ಡೇರೆ ಹೊಡೆದು ಮಲಗುವುದೇ ಪರಮಸುಖವೆಂದು ನನ್ನ ಅಳಿಯಂದಿರು ನಿಶ್ಚಯಿಸಿದಾಗ, ಅವರ ತಂದೆಯವರು, ಎಂದರೆ ನಮ್ಮ ಬೀಗರು, ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ನೀರಿದೆಯಷ್ಟೆ?"

ನೀರಿಗೇನು ಕೊರತೆ! ಊರಿಗೆ ತಾಗಿದಂತೆಯೇ ಇರುವ ಗ್ರೇಟ್ ಸ್ಲೇವ್ ಸರೋವರವು 614 ಮೀಟರ್ ಆಳವುಳ್ಳದ್ದು. ಉತ್ತರ ಅಮೆರಿಕಾ ಖಂಡದಲ್ಲಿ ಅದಕ್ಕಿಂತ ಆಳವಾದ ಸರೋವರ ಇನ್ನೊಂದಿಲ್ಲ. ಬೀಗರು ಸಂತುಷ್ಟರಾದರು. ಜೀವಮಾನವಿಡೀ ಮೈಸೂರಿನಲ್ಲಿ ತ್ರಿಕಾಲ ಸಂಧ್ಯಾವಂದನೆಯನ್ನು ತಪ್ಪದೆ ನಡೆಸಿಕೊಂಡು ಬಂದ ಆ ಕರ್ಮನಿಷ್ಠರಿಗೆ ನೀರನ್ನು ವಿಚಾರಿಸಬೇಕೆಂದು ತೋರಿತೇ ಹೊರತು ಸೂರ್ಯನನ್ನು ವಿಚಾರಿಸಬೇಕೆಂದು ತೋರಲಿಲ್ಲ. ಮೈಸೂರಿನವರಿಗೆ ತೋರುವುದಾದರೂ ಹೇಗೆ?

ಪ್ರಯಾಣದ ವಿವರ ಇಲ್ಲಿ ಅನಾವಶ್ಯಕ. ಮೆಕೆಂಜಿ ನದಿಯ ಸೇತುವೆಯನ್ನು ದಾಟಿದ ಮೇಲೆ ಕಾಡುಕೋಣದಂತಹ ಬೈಸನ್ ಪ್ರಾಣಿಗಳು ಹೆದ್ದಾರಿಯ ನಡುವೆ ನಿಂತು, ತಮಗೆ ಮನಸ್ಸು ಬಂದಾಗ ದಾರಿ ಬಿಟ್ಟುವೆಂದಷ್ಟು ಹೇಳಿದರೆ ಸಾಕು. ಉದ್ಯಾನದ ನೆಲವಾದರೋ 250 ಕೋಟಿ ವರ್ಷಗಳಿಗೂ ಹಳೆಯ ಬಂಡೆ. ಜೀವಿಗಳಿಗೆ ಮೂಳೆಯೇ ಹುಟ್ಟಿರದಿದ್ದ ಕಾಲದಲ್ಲಿ ಗಟ್ಟಿಯಾದ ಆ ಶಿಲೆಯ ಮೇಲೆ ಅಳಿಯಂದಿರು ಅಂಗಡಿಯಿಂದ ತಂದ ತಗಡಿನ ಗೂಟಗಳನ್ನು ಹೊಡೆಯುತ್ತಿದ್ದರೆ, ಗೂಟಗಳು ಒಂದೊಂದಾಗಿ ವಿನಯದಿಂದ ಬಾಗಿ ನಮಸ್ಕರಿಸುತ್ತಿದ್ದವು. ಕಡೆಗೆ ಡೇರೆಯ ಹಗ್ಗಗಳನ್ನು ಕಲ್ಲುಗುಂಡುಗಳಿಗೆ ಕಟ್ಟಿದ್ದಾಯಿತು. ಕರಡಿಗಳ ಭಯದಿಂದ ತಿನ್ನುವ ಪದಾರ್ಥವನ್ನಾಗಲಿ, ಪರಿಮಳವುಳ್ಳ ಯಾವ ವಸ್ತುವನ್ನಾಗಲಿ ಡೇರೆಯೊಳಗೆ ಇಡಕೂಡದೆಂಬುದು ಅಲ್ಲಿನ ಕಟ್ಟಳೆ. ಹಲ್ಲುಜ್ಜುವ ಪೇಸ್ಟಿಗೂ ವಿನಾಯಿತಿಯಿಲ್ಲವೆಂದ ಮೇಲೆ ನಮ್ಮ ಇಂಗಿನ ಡಬ್ಬಿಯ ಪಾಡೇನು? ಎಲ್ಲವೂ ಕಾರಿನೊಳಗೆ ಸೇರಿ ಬೀಗ ಬಿದ್ದಿತು.

ರಾತ್ರಿ ಎಂಟಾಯಿತು, ಒಂಬತ್ತಾಯಿತು, ಹತ್ತಾಯಿತು. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಸಾಯಂಸಂಧ್ಯೆಯಾಗದೆ ಫಲಾಹಾರ ಮುಟ್ಟದ ಬೀಗರು ಮಡಿಯುಟ್ಟು ಸರೋವರದ ದಡದಲ್ಲಿ ಪಶ್ಚಿಮಾಭಿಮುಖವಾಗಿ ಕಾದೇ ಕುಳಿತರು. ಆದರೆ ಆ ಅಕ್ಷಾಂಶದಲ್ಲಿ ಜೂನ್ ತಿಂಗಳ ಸೂರ್ಯನು ಪಶ್ಚಿಮದಲ್ಲಿ ಮುಳುಗುವುದಿಲ್ಲ. ಓರೆಯಾಗಿ ಜಾರುತ್ತ, ಹೆಚ್ಚುಕಡಿಮೆ ಉತ್ತರದ ಹತ್ತಿರ 11.40ರ ಸುಮಾರಿಗೆ ಮರೆಯಾಗುತ್ತಾನೆ. ಬೀಗರು ಮಣೆಯನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಬಂದು ಅಂತೂ ಅರ್ಘ್ಯ ಕೊಟ್ಟರು. ನಾವು ಬಿಡುವ ಉಸಿರಿನ ಇಂಗಾಲಾಮ್ಲದ ಜಾಡು ಹಿಡಿದು ಬರುವ ಸೊಳ್ಳೆಗಳು ಕುಂಭಕದ ಹೊತ್ತಿನಲ್ಲಿ ದಾರಿ ತಪ್ಪುವುದನ್ನು ಗಮನಿಸಿದ ಅವರು ಅದನ್ನು ಮಂತ್ರದ ಮಹಿಮೆಯೆಂದರು. ರೇಚಕದ ಹೊತ್ತಿಗೆ ಅವು ಬಾಕಿಯನ್ನು ಬಡ್ಡಿಸಮೇತ ವಸೂಲು ಮಾಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಿಜವಾದ ಸಂಕಟ ಜಪದಲ್ಲಿ ಒದಗಿತು. ಸಾಯಂಕಾಲದ ಜಪವನ್ನು ನಕ್ಷತ್ರದರ್ಶನವಾಗುವವರೆಗೆ ಮಾಡತಕ್ಕದ್ದೆಂದು ಶಾಸ್ತ್ರ. ಅಲ್ಲಿಯ ಸೂರ್ಯನಾದರೋ ನಡುರಾತ್ರಿಯಲ್ಲಿಯೂ ದಿಗಂತದಿಂದ ನಾಲ್ಕು ಡಿಗ್ರಿಯಷ್ಟೇ ಕೆಳಗಿಳಿದು ಅವಿತಿರುವನಾದ್ದರಿಂದ, ತಾರೆಗಳು ಹೊರಡುವಷ್ಟು ಕತ್ತಲೆಯೇ ಆಗದು. ಒಂದು ಗಂಟೆಯಾದರೂ ಒಂದು ಚುಕ್ಕಿಯಿಲ್ಲ. ಉತ್ತರದ ಕೆಂಪು ಪಶ್ಚಿಮದ ಕಡೆಯಿಂದ ಪೂರ್ವದ ಕಡೆಗೆ ಸರಿಯತೊಡಗಿತ್ತು.

"ಬೀಗರೇ, ಇದು ಈಗ ಸಾಯಂಸಂಧ್ಯೆಯೋ ಪ್ರಾತಃಸಂಧ್ಯೆಯೋ?" ಎಂದು ಅವರು ದೀನಸ್ವರದಿಂದ ಕೇಳಿದರು.

"ಮೈಸೂರಿನಲ್ಲಿ ಈಗ ಮಧ್ಯಾಹ್ನ ಹನ್ನೆರಡೂವರೆ. ಮಾಧ್ಯಾಹ್ನಿಕವೂ ಆಗಬಹುದು" ಎಂದೆ.

ಮೂರು ಸಂಧ್ಯೆಗಳೂ ಒಂದೇ ಮುಹೂರ್ತದಲ್ಲಿ ಮೈಮೇಲೆ ಬಿದ್ದ ಆಘಾತಕ್ಕೋ, ಹಸಿವಿಗೋ, ಅವರು ಎದ್ದು ನೇರವಾಗಿ ಕಾರಿನ ಬಳಿಗೆ ನಡೆದು ಬಾಗಿಲನ್ನು ಎಳೆದರು. ಬೀಗದ ಕೈ, ಕಣ್ಣಿಗೆ ಕಪ್ಪುಪಟ್ಟಿ ಕಟ್ಟಿ ಮಲಗಿದ್ದ ಮಗನ ಜೇಬಿನಲ್ಲಿತ್ತು. ಕಾರು ಊರೆಲ್ಲ ಕೇಳುವಂತೆ ಬೊಬ್ಬಿಟ್ಟಿತು. ಕರಡಿ ಬಂದಿತೆಂದು ಸುತ್ತಲಿನ ಡೇರೆಗಳಿಂದ ಗಂಡಸರು ಹೆಂಗಸರು ಮಕ್ಕಳೆಲ್ಲ ಪಾತ್ರೆ ಬಡಿಯುತ್ತ ಓಡಿಬಂದು ನೋಡುತ್ತಾರೆ: ಪಂಚೆಯುಟ್ಟು, ಬರಿಮೈಯಲ್ಲಿ ಜನಿವಾರ ಧರಿಸಿ, ಹಣೆ ಎದೆ ತೋಳುಗಳ ಮೇಲೆಲ್ಲ ಮುದ್ರೆಯೊತ್ತಿದ ವೃದ್ಧರೊಬ್ಬರು ಕೈಯಲ್ಲಿ ಪಂಚಪಾತ್ರೆ ಹಿಡಿದು ನಿಂತಿದ್ದಾರೆ.

"ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು. ಗೊಜ್ಜವಲಕ್ಕಿ ಬೇಕಾದಷ್ಟಿದೆ, ಎಲ್ಲರಿಗೂ ಬಡಿಸಿಬಿಡಮ್ಮ" ಎಂದು ಅವರು ನನ್ನ ಮಗಳಿಗೆ ಅಪ್ಪಣೆ ಮಾಡಿದರು. ಬಡಿಸಿದ್ದಾಯಿತು. ಎರಡನೆಯ ಸಲ ನೀಡಿಸಿಕೊಂಡ ಮಹಾಶಯನೊಬ್ಬ, ಇದು ನಿಮ್ಮಲ್ಲಿ ರಾತ್ರಿಯ ಊಟವೋ ಬೆಳಗಿನ ತಿಂಡಿಯೋ ಎಂದು ಕೇಳಲು, ಬೀಗರು ಉತ್ತರದ ಆಕಾಶವನ್ನೊಮ್ಮೆ ದಿಟ್ಟಿಸಿ, ಪಂಚಾಂಗ ನೋಡಿ ಹೇಳುತ್ತೇನೆಂದು ತಿಳಿಸುವಂತೆ ನನಗೆ ಹೇಳಿದರು.