ಮುತ್ತುರಾಯನಿಗೆ ಮುಡಿ, ಲೇಸರಿಗೆ ಗಡ್ಡ

ಮುತ್ತತ್ತಿಯಲ್ಲಿ ಬೋಳುತಲೆಯನ್ನು ಯಾರೂ ತಿರುಗಿ ನೋಡುವುದಿಲ್ಲ. ಶನಿವಾರ ಬಂತೆಂದರೆ ಹೊಳೆದಂಡೆಯಲ್ಲಿ ಗಂಡಸು, ಹೆಂಗಸು, ಎದೆಹಾಲು ಬಿಡದ ಕೂಸು, ಎಲ್ಲರ ತಲೆಯೂ ಒಂದೇ ಥರ ಮಿರಮಿರ ಮಿಂಚುತ್ತಿರುತ್ತದೆ. ಮುಡಿ ಕೊಟ್ಟು, ಕಾವೇರಿಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ನಮ್ಮೂರ ಆಂಜನೇಯ ಮುತ್ತುರಾಯನಿಗೆ ಕೈಮುಗಿದು, ಆಮೇಲೆ ಮರದಡಿ ಒಲೆ ಹೂಡಿ ಬಾಡೂಟಕ್ಕೆ ಕೂತರೆ ಬೆಂಗಳೂರಿನ ಆಫೀಸರೂ ಒಂದೇ, ಹಲಗೂರಿನ ಕೂಲಿಯವನೂ ಒಂದೇ. ಇಂಥ ಊರಲ್ಲಿ ಹೆಂಗಸೊಬ್ಬಳು ತಲೆ ಪೂರಾ ಬೋಳಿಸಿಕೊಂಡು ಧೈರ್ಯವಾಗಿ ಓಡಾಡಬಹುದು. ಗದ್ದದ ಮೇಲೆ ನಾಲ್ಕು ಕರಿಕೂದಲು ಇಟ್ಟುಕೊಂಡು ಓಡಾಡುವಂತಿಲ್ಲ. ನಾನು ಹಲಗೂರಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಬೋರ್ಡಿಗೆ ಬೆನ್ನು ಮಾಡಿ ನಿಂತಾಗ ಮುಂದಿನ ಬೆಂಚಿನವರ ಕಣ್ಣು ನನ್ನ ಬಾಯಿಂದ ಎರಡು ಬೆರಳು ಕೆಳಗಿಳಿದಿರುತ್ತಿತ್ತು. ಅದೇ ನನ್ನನ್ನು ಮೈಸೂರಿನ ಲೇಸರಿನ ತನಕ ಕರೆದುಕೊಂಡು ಹೋಗಿದ್ದು.

ಹೋಗಿ ಬಂದದ್ದು ಗುಟ್ಟಾಗಿರಲಿ ಅಂದುಕೊಂಡಿದ್ದೆ. ಆದರೆ ನಮ್ಮ ಹಿತ್ತಲಿಗೂ ಪಕ್ಕದ ಮನೆಯ ದೊಡ್ಡವ್ವನ ಹಿತ್ತಲಿಗೂ ನಡುವೆ ಇರುವುದು ಒಂದು ಬಿದಿರುಗಳದ ಬೇಲಿ. ಆನೆ ಬಂದರೆ ಅದು ತಡೆಯೋದಿಲ್ಲ, ಮಾತು ಬಂದರೂ ತಡೆಯೋದಿಲ್ಲ.

“ಏನವ್ವ ಮೇಡಮ್ಮು, ಮೊಕಕ್ಕೆಲ್ಲ ಸೆರಗು ಸುತ್ಕಂಡು ಬಟ್ಟೆ ಒಣಗಾಕ್ತಿದ್ದೀಯ! ಜೇನು ಕಚ್ತಾ?”

“ಇಲ್ಲ ದೊಡ್ಡವ್ವ, ಲೇಸರ್ ಮಾಡಿಸ್ಕೊಂಡು ಬಂದೆ. ಬಿಸಿಲು ಬೀಳಬಾರದಂತೆ.”

“ಅಯ್ಯೋ ನನ್ ಕಂದ, ಕಣ್ಗಾ?”

“ಕಣ್ಣಿಗಲ್ಲ.”

ದೊಡ್ಡವ್ವ ಬೇಲಿಗೆ ಇನ್ನಷ್ಟು ಹತ್ತಿರ ಬಂದು, ದನಿ ತಗ್ಗಿಸಿ, “ಮೂಲವ್ಯಾಧಿಗಾ?” ಅಂದಳು. ಅವಳದೇನೂ ತಪ್ಪಿಲ್ಲ. ನಮ್ಮ ಕಡೆ ಗೋಡೆಬರಹ ಓದಿಕೊಂಡು ಬಸ್ಸಿನಲ್ಲಿ ಕೂತವರಿಗೆ ಲೇಸರ್ ಅಂದರೆ ಎರಡೇ. ಒಂದು ಮೇಲಿನದು, ಇನ್ನೊಂದು ಕೆಳಗಿನದು. ನಡುವೆ ಗದ್ದ ಅಂತ ಒಂದಿದೆ ಅಂತ ಯಾವ ಗೋಡೆಯ ಮೇಲೂ ಬರೆದಿರೋದಿಲ್ಲ.

“ಗಡ್ಡಕ್ಕೆ ದೊಡ್ಡವ್ವ” ಅಂದೆ.

ಅವಳು ನಕ್ಕ ನಗುವಿಗೆ ಚಪ್ಪರದ ಮೇಲೆ ಕೂತಿದ್ದ ಕೋತಿ ಎದ್ದು ಹೋಯಿತು. ನಕ್ಕು ಸುಧಾರಿಸಿಕೊಂಡ ಮೇಲೆ ಕಾರಣ ಹುಡುಕಲು ಶುರುಮಾಡಿದಳು. ಎಳೇ ಕೂಸಿದ್ದಾಗ ನಮ್ಮವ್ವ ನನಗೆ ಕಡ್ಲೆಹಿಟ್ಟಿನ ಉಂಡೆ ಸರಿಯಾಗಿ ಉಜ್ಜಿಲ್ಲ ಅನ್ನೋದು ಮೊದಲನೇ ಕಾರಣ. ಅರಿಸಿನ ಹಚ್ಚೋದು ಬಿಟ್ಟೆ ಅನ್ನೋದು ಎರಡನೇದು. ಕೂಸಿನ ಮೈಮೇಲಿನ ನವಿರು ಕೂದಲು ಉಜ್ಜಿದರೂ ಉದುರುತ್ತೆ, ಉಜ್ಜದಿದ್ದರೂ ಉದುರುತ್ತೆ, ಹಿಟ್ಟಿನ ಉಂಡೆಗೆ ಬರೀ ಹೆಸರು ಬರುತ್ತೆ ಅಂತ ಹೇಳಿದೆ. ನಂಬಲಿಲ್ಲ. ಡಾಕ್ಟರು ಮೊದಲು ರಕ್ತ ಪರೀಕ್ಷೆ ಬರೆದುಕೊಟ್ಟರು, ಥೈರಾಯ್ಡು, ಹಾರ್ಮೋನು ಎಲ್ಲ ನೋಡಿದರು, ಹುಡುಗಿಯರಾದರೆ ಪಿಸಿಓಡಿ ಇದೆಯಾ ಅಂತ ಕೇಳುತ್ತಾರೆ, ನನ್ನ ವಯಸ್ಸಿಗೆ ಮುಟ್ಟು ನಿಲ್ಲೋ ಕಾಲ ಅಂದರು ಅಂತ ಹೇಳಿದಾಗ ಮಾತ್ರ ತಲೆಯಾಡಿಸಿದಳು.

“ಅದು ದಿಟ ಕನವ್ವ. ನಮ್ಮತ್ತೇಗೆ ಮುಟ್ಟು ನಿಂತ್ಮೇಲೆ ಮೀಸೆ ಬಂದಿತ್ತು. ಅದನ್ನ ಸವರ್ಕಂಡೇ ಇಡೀ ಮನೆ ಆಳದ್ಲು. ಲೇಸರು ಗೀಸರು ಏನೂ ಇಲ್ಲ.”

ಅವಳಿಗೆ ಅತಿ ಆಶ್ಚರ್ಯ ಆಗಿದ್ದು ಲೇಸರಲ್ಲ, ಅದಕ್ಕೆ ಮುಂಚಿನ ಕೆಲಸ. ಹೋಗೋ ಹಿಂದಿನ ದಿನ ಗದ್ದ ಶೇವ್ ಮಾಡಿಕೊಂಡು ಬನ್ನಿ ಅಂತ ಕ್ಲಿನಿಕ್ಕಿನವರು ಫೋನಲ್ಲಿ ಹೇಳಿದ್ದರು. ಥ್ರೆಡ್ಡಿಂಗ್ ಬೇಡ, ವ್ಯಾಕ್ಸ್ ಬೇಡ, ಕಿತ್ತುಕೊಳ್ಳಲೇಬೇಡಿ, ಬರೀ ಬ್ಲೇಡು. ಯಜಮಾನರು ಎದ್ದು ಹೊಳೆ ಕಡೆ ಹೋದದ್ದು ನೋಡಿಕೊಂಡು, ಅವರ ರೇಜರ್ ಬಿಟ್ಟು ಹೊಸದೊಂದು ತೆಗೆದು, ಕನ್ನಡಿ ಮುಂದೆ ನೊರೆ ಹಚ್ಚಿಕೊಂಡು ನಿಂತೆ. ಅಷ್ಟರಲ್ಲಿ ಅವರು ಟವೆಲ್ಲು ಮರೆತು ವಾಪಸ್ಸು ಬಂದರು. ಬಾಗಿಲಲ್ಲೇ ನಿಂತು ಒಂದು ಗಳಿಗೆ ನೋಡಿದರು. “ಕಿವಿ ಹತ್ರ ನಿಧಾನ” ಅಂದು ಟವೆಲ್ಲು ತಗೊಂಡು ಹೋದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ನನಗೆ ಕೊಟ್ಟ ಸಲಹೆಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ.

“ಅಯ್ಯೋ ಪಾಪಿ, ಬ್ಲೇಡು ಹಾಕುದ್ರೆ ದಪ್ಪದಪ್ಪ ಬತ್ತವಲ್ಲೇ!”

“ಬರಲ್ಲ ದೊಡ್ಡವ್ವ. ಕೂದಲಿನ ತುದಿ ಚೂಪಾಗಿರುತ್ತೆ, ಬ್ಲೇಡು ಅದನ್ನ ಮೊಂಡು ಮಾಡುತ್ತೆ. ಮೊಂಡು ತುದಿ ಕೈಗೆ ಒರಟಾಗಿ ಸಿಗುತ್ತೆ ಅಷ್ಟೇ. ಬ್ಲೇಡು ಹಾಕಿದ್ದಕ್ಕೆಲ್ಲ ದಪ್ಪ ಬರೋ ಹಾಗಿದ್ದರೆ ಮುತ್ತತ್ತೀಲಿ ಮುಡಿ ಕೊಟ್ಟ ಬೋಳುತಲೆಯವರಿಗೆಲ್ಲ ಜಡೆ ಮಂಡಿವರೆಗೆ ಬರಬೇಕಿತ್ತಲ್ಲ?”

ಇದು ಅವಳಿಗೆ ತಟ್ಟನೆ ಒಪ್ಪಿಗೆಯಾಯಿತು. ಅವಳ ದೊಡ್ಡಮಗ ಮೂರು ಸಲ ಮುಡಿ ಕೊಟ್ಟಿದ್ದಾನೆ, ಈಗ ನೆತ್ತಿ ಬಟಾಬಯಲು.

ಕೀಳಬಾರದು ಯಾಕೆ ಅಂದರೆ, ಲೇಸರಿಗೆ ದಾರಿ ತೋರಿಸೋದೇ ಬೇರಿನಲ್ಲಿರುವ ಕರೀ ಬಣ್ಣ. ಚರ್ಮದ ಮೇಲೆ ಕೂದಲಿದ್ದರೆ ಬೆಳಕಿನ ಕಾವೆಲ್ಲ ಮೇಲೇ ಖರ್ಚಾಗಿ ಚರ್ಮ ಸುಡುತ್ತೆ. ಬೇರನ್ನೇ ಕಿತ್ತಿದ್ದರೆ ಬೆಳಕಿಗೆ ಒಳಗೆ ಹಿಡಿಯೋಕೆ ಏನೂ ಸಿಗೋದಿಲ್ಲ. ಮೇಲೆ ಇರಬಾರದು, ಒಳಗೆ ಇರಬೇಕು. ಕರಿಯದು ಬೆಳಕನ್ನು ಹೀರಿ ಬಿಸಿಯಾಗುತ್ತೆ ಅನ್ನೋದನ್ನು ನಾನೇ ಎಂಟನೇ ಕ್ಲಾಸಿಗೆ ಪ್ರತಿವರ್ಷ ಹೇಳುತ್ತೇನೆ, ಕರೀ ಕೊಡೆ ಬಿಳೀ ಕೊಡೆ ಉದಾಹರಣೆ ಕೊಟ್ಟು. ಅದೇ ಪಾಠವನ್ನು 1983ರಲ್ಲಿ ಅಮೆರಿಕದ ಆಂಡರ್ಸನ್, ಪ್ಯಾರಿಷ್ ಅನ್ನೋ ಇಬ್ಬರು ಡಾಕ್ಟರುಗಳು ಚರ್ಮಕ್ಕೆ ಹೊಂದಿಸಿ ಬರೆದರು. ಸರಿಯಾದ ಬಣ್ಣದ ಬೆಳಕನ್ನು ಸರಿಯಾದಷ್ಟು ಕಡಿಮೆ ಹೊತ್ತು ಬಿಟ್ಟರೆ ಬೇಕಾದ್ದು ಮಾತ್ರ ಬೇಯುತ್ತೆ, ಪಕ್ಕದ್ದು ಉಳಿಯುತ್ತೆ ಅಂತ. ಕೂದಲು ತೆಗೆಯೋ ಲೇಸರಿಗೆ ಅಮೆರಿಕ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 1995ರಲ್ಲಿ. ಲೇಸರ್ ಅನ್ನೋದೇ ಮೊದಲ ಸಲ ಬೆಳಗಿದ್ದು 1960ರ ಮೇ ತಿಂಗಳಲ್ಲಿ, ಕ್ಯಾಲಿಫೋರ್ನಿಯಾದಲ್ಲಿ, ಥಿಯೋಡರ್ ಮೈಮನ್ ಅನ್ನೋರ ಕೈಯಲ್ಲಿ. ದೊಡ್ಡವ್ವನಿಗೆ ಇಸವಿ ಹೇಳಿದರೆ ಆಗೋದಿಲ್ಲ, ಸಿನಿಮಾ ಹೇಳಬೇಕು. “ಅಣ್ಣಾವ್ರ ‘ರಣಧೀರ ಕಂಠೀರವ’ ಬಂತಲ್ಲ, ಅದೇ ವರ್ಷ” ಅಂದೆ.

“ಓ, ನಮ್ಮ ಮುತ್ತುರಾಜಪ್ಪನ ಕಾಲುದ್ದು ಅನ್ನು” ಅಂದಳು, ಲೇಸರಿಗೆ ಅರ್ಧ ಮರ್ಯಾದೆ ಸಿಕ್ಕಿತು. ರಾಜಕುಮಾರ್ ಅವರಿಗೆ ಅಪ್ಪ ಅಮ್ಮ ಮುತ್ತುರಾಜ ಅಂತ ಹೆಸರಿಟ್ಟಿದ್ದು ನಮ್ಮ ಮುತ್ತುರಾಯನ ನೆನಪಿಗೇ ಅನ್ನೋದು ಈ ಊರಿನ ಮಗುವಿಗೂ ಗೊತ್ತು.

ಬೆಳಕು ಅಂದರೆ ನಮ್ಮ ಮಳವಳ್ಳಿ ತಾಲ್ಲೂಕಿಗೇನು ಹೊಸದೇ? ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ. ನಮ್ಮ ಹೊಳೆಯ ನೀರಿನಿಂದ ಎಲ್ಲರ ಮನೆ ಬೆಳಗಿತು. ಈಗ ನಾವು ನಮ್ಮ ಗದ್ದ ಬೆಳಗಿಸಿಕೊಳ್ಳೋಕೆ ದುಡ್ಡು ಕೊಟ್ಟು ಮೈಸೂರಿಗೆ ಹೋಗಬೇಕು. ಅನ್ಯಾಯ ಅಂತ ಅನ್ನಿಸಿದರೂ ಯಾರನ್ನು ಕೇಳೋದು.

ಕ್ಲಿನಿಕ್ಕಿನಲ್ಲಿ ಒಂದು ಫಾರಂ ಕೊಟ್ಟರು. ಬಿಸಿಲಿಗೆ ಹೋದರೆ ನಿಮ್ಮ ಚರ್ಮ ಕೆಂಪಗೆ ಸುಡುತ್ತಾ, ಕಪ್ಪಾಗುತ್ತಾ ಅನ್ನೋದು ಒಂದು ಪ್ರಶ್ನೆ. ಮುತ್ತತ್ತಿಯವಳನ್ನು ಕೇಳೋ ಪ್ರಶ್ನೆಯೇ ಇದು? ಆದರೆ ಅದಕ್ಕೆ ಕಾರಣ ಇದೆ. 1975ರಲ್ಲಿ ಫಿಟ್ಜ್‌ಪ್ಯಾಟ್ರಿಕ್ ಅನ್ನೋ ಡಾಕ್ಟರು ಹಾಕಿಕೊಟ್ಟ ಲೆಕ್ಕ ಅದು. ಈಗ ಅದರಲ್ಲಿ ಆರು ಬಗೆಯ ಚರ್ಮ ಇವೆ, ನಮ್ಮವರು ಹೆಚ್ಚಾಗಿ ನಾಲ್ಕು ಐದರಲ್ಲಿ ಬರ್ತೀವಿ. ಬಿಳೀ ಚರ್ಮದಲ್ಲಿ ಕರೀಕೂದಲು ಹುಡುಕೋದು ಲೇಸರಿಗೆ ಸುಲಭ. ನಮ್ಮದರಲ್ಲಿ ಕೂದಲೂ ಕಪ್ಪು, ಚರ್ಮದಲ್ಲೂ ಕಪ್ಪು, ಯಾವುದನ್ನು ಸುಡಬೇಕು ಅಂತ ಅದಕ್ಕೆ ಗೊಂದಲ. ಅದಕ್ಕೇ ನಮ್ಮಂಥವರಿಗೆ 1064 ನ್ಯಾನೋಮೀಟರಿನ ಯಾಗ್ ಲೇಸರ್ ಕ್ಷೇಮ ಅನ್ನುತ್ತಾರೆ. ಅದು ಮೇಲಿನ ಬಣ್ಣವನ್ನು ಅಷ್ಟಾಗಿ ಮುಟ್ಟದೆ ಆಳಕ್ಕಿಳಿಯುತ್ತೆ. ಇದನ್ನೆಲ್ಲ ವಿಚಾರಿಸದೆ ಸಿಕ್ಕ ಮೆಷಿನ್ ಹಿಡಿದು ಮುಖ ಸುಟ್ಟು ಕಲೆ ಮಾಡುವ ಪಾರ್ಲರುಗಳೂ ಇವೆ. ಆಫರ್ ಬೋರ್ಡು ನೋಡಿ ನುಗ್ಗುವವರಿಗೆ ನಾನು ಹೇಳೋದು ಇಷ್ಟೇ, ಚರ್ಮದ ಡಾಕ್ಟರ ಹತ್ತಿರ ಹೋಗಿ, ಕಿವಿ ಹಿಂದೆಯೋ ದವಡೆಯಡಿಯೋ ಒಂದು ಚೂರು ಜಾಗದಲ್ಲಿ ಮೊದಲು ಮಾಡಿ ನೋಡಿ ಅಂತ ನೀವೇ ಕೇಳಿ.

“ನೋವಾಯ್ತಾ?”

ಆಯಿತು. ಕಣ್ಣಿಗೆ ಕರೀ ಕನ್ನಡಕ ಕಟ್ಟಿ, ಗದ್ದಕ್ಕೆ ತಣ್ಣನೆಯ ಜೆಲ್ ಬಳಿದು, ಮೆಷಿನ್ನಿನ ಮೂತಿ ಒತ್ತಿದರು. ಮೊದಲು ಥಂಡಿ, ಹಿಂದೆಯೇ ಚುರ್ರ್ ಅಂತ ಒಂದು ಚುಚ್ಚು, ಮತ್ತೆ ಥಂಡಿ. ಮೇಲ್ತುಟಿಯ ಹತ್ತಿರ ಬಂದಾಗ ಕಣ್ಣಲ್ಲಿ ನೀರು ತಾನಾಗೇ ಬಂತು. ಆದರೆ ನೋವಿಗಿಂತ ನನ್ನನ್ನು ಹೆದರಿಸಿದ್ದು ವಾಸನೆ. ಶೇವ್ ಮಾಡಿದಾಗ ಉಳಿದ ಮೊಳಕೆಗಳು ಸುಟ್ಟ ವಾಸನೆ, ಥೇಟು ಬಾಡೂಟದ ದಿನ ಕುರಿಯ ತಲೆಕಾಲು ಬೆಂಕಿಗೆ ಹಿಡಿದಾಗ ಬರೋ ವಾಸನೆ. ಏಸಿ ರೂಮು, ಮೆಲ್ಲಗೆ ವೀಣೆ ಹಾಕಿದ್ದಾರೆ, ಬಿಳೀ ಕೋಟಿನ ಹುಡುಗಿ “ರಿಲ್ಯಾಕ್ಸ್ ಮೇಡಂ” ಅನ್ನುತ್ತಿದ್ದಾಳೆ. ನನ್ನ ಮೂಗು ಮಾತ್ರ ಮುತ್ತತ್ತಿಯ ಹೊಳೆದಂಡೆಯಲ್ಲಿತ್ತು.

ಹತ್ತು ನಿಮಿಷದಲ್ಲಿ ಮುಗೀತು. ಗದ್ದ ಕೆಂಪಗೆ ಊದಿ ಸಂಜೆಗೆ ಇಳಿಯಿತು. ಬಿಸಿಲು ಬೇಡ, ಅರಿಸಿನ ಬೇಡ, ಬಿಸಿನೀರು ಬೇಡ, ಸನ್‌ಸ್ಕ್ರೀನ್ ತಪ್ಪಿಸಬೇಡಿ. ಮತ್ತೆ ತಿಂಗಳು ಬಿಟ್ಟು ಬನ್ನಿ.

“ಮತ್ತೆ ಯಾಕೆ? ಸುಟ್ಟಾಯ್ತಲ್ಲ?”

ಇಲ್ಲೇ ಇರೋದು ಗಮ್ಮತ್ತು. ಎಲ್ಲ ಕೂದಲೂ ಒಟ್ಟಿಗೆ ಬೆಳೆಯೋದಿಲ್ಲ. ಒಂದಷ್ಟು ಬೆಳೆಯುತ್ತಿರುತ್ತವೆ, ಒಂದಷ್ಟು ಮಲಗಿರುತ್ತವೆ. ಬೆಳೆಯುತ್ತಿರೋದಕ್ಕೆ ಮಾತ್ರ ಲೇಸರ್ ತಗಲುತ್ತೆ. ಮಲಗಿದ್ದವು ಏಳೋ ತನಕ ಕಾದು ಮತ್ತೆ ಹೋಗಬೇಕು. ಹೀಗೆ ಆರೋ ಎಂಟೋ ಸಿಟಿಂಗು. ಅಷ್ಟಾದ ಮೇಲೂ ಪೂರಾ ಹೋಗುತ್ತೆ ಅಂತ ನಿಯತ್ತಿನ ಡಾಕ್ಟರು ಯಾರೂ ಹೇಳೋದಿಲ್ಲ, ಕಮ್ಮಿಯಾಗುತ್ತೆ ಅನ್ನುತ್ತಾರೆ. ಒಳಗಿನ ಹಾರ್ಮೋನು ಸರಿಯಿಲ್ಲದಿದ್ದರೆ ಹೊಸವು ಹುಟ್ಟುತ್ತಲೇ ಇರುತ್ತವೆ. ನಮ್ಮಂಥ ಚರ್ಮದವರಲ್ಲಿ ಕೆಲವರಿಗೆ ಸುತ್ತಮುತ್ತಲಿನ ನವಿರುಗೂದಲು ಲೇಸರ್ ಕಾವಿಗೆ ಎಚ್ಚೆತ್ತು ಇನ್ನೂ ದಪ್ಪವಾಗಿ ಎದ್ದದ್ದೂ ಉಂಟು.

“ಅಂದ್ರೆ ಮುತ್ತುರಾಯುಂಗೆ ಕೊಟ್ರೂ ಮತ್ತೆ ಬತ್ತದೆ, ಡಾಕ್ಟ್ರುಗೆ ಕೊಟ್ರೂ ಮತ್ತೆ ಬತ್ತದೆ. ಮುತ್ತುರಾಯ ವಾಸಿ ಕನವ್ವ, ಬರೀ ಕಾಯಿ ಕರ್ಪೂರದಲ್ಲಿ ಮುಗೀತದೆ. ಅಲ್ಲ, ಆ ಕೂದ್ಲುನ ಅವ್ರು ಏನ್ ಮಾಡ್ತಾರೆ? ತಿರುಪತೀಲಿ ಹರಾಜಾಕಿ ಕೋಟಿಗಟ್ಲೆ ಮಾಡ್ತಾರಂತಲ್ಲ.”

“ಸುಟ್ಟುಹೋಯ್ತಲ್ಲ ದೊಡ್ಡವ್ವ, ಏನೂ ಉಳಿಯಲ್ಲ.”

“ಕೂದ್ಲೂ ಕೊಟ್ಟು ದುಡ್ಡೂ ಕೊಟ್ಟು ಬಂದೆಯಾ! ಓದ್ದೋಳು ಬೇರೆ.”

ಆಮೇಲೆ ಅವಳದೇ ಧರ್ಮಶಾಸ್ತ್ರ ಒಂದು ಬಂತು. ಸೀತಮ್ಮನ ಮೂಗುತಿಯ ಮುತ್ತು ಇಲ್ಲಿನ ಕಾವೇರಿಯ ಮಡುವಿಗೆ ಬಿದ್ದಾಗ ಆಂಜನೇಯ ಅದನ್ನು ಬಾಲದಲ್ಲಿ ತಡಕಿ ಎತ್ತಿಕೊಟ್ಟ. ಬಾಲ ನುಣ್ಣಗಿದ್ದಿದ್ದರೆ ಮುತ್ತು ಜಾರಿಹೋಗುತ್ತಿತ್ತು. ಕೂದಲಿಗೆ ಸಿಕ್ಕಿಕೊಂಡದ್ದರಿಂದ ಮೇಲೆ ಬಂತು. ಆದ್ದರಿಂದ ಮೈಮೇಲೆ ಕೂದಲಿರೋದು ಒಳ್ಳೆಯದು. ಇದಕ್ಕೆ ಉತ್ತರ ಕೊಡುವಷ್ಟು ವಿಜ್ಞಾನ ನನ್ನಲ್ಲಿರಲಿಲ್ಲ.

ಅಷ್ಟು ಹೇಳಿದವಳು ಮೆಲ್ಲಗೆ ತನ್ನ ಗದ್ದ ಸವರಿಕೊಂಡು, “ನಂಗೂ ಅವೆಯಾ ನೋಡು” ಅಂದಳು. ಇದ್ದವು, ಆದರೆ ಎಲ್ಲ ಬೆಳ್ಳಗಾಗಿದ್ದವು. ಬಿಳೀಕೂದಲಿನಲ್ಲಿ ಬಣ್ಣ ಇಲ್ಲ, ಲೇಸರಿಗೆ ಅದು ಕಾಣೋದೇ ಇಲ್ಲ, ಒಂದೊಂದು ಬುಡಕ್ಕೂ ಸೂಜಿ ಇಳಿಸಿ ಕರೆಂಟು ಕೊಡಬೇಕು ಅಂದೆ. ಕರೆಂಟು ಅಂದದ್ದೇ ಗದ್ದದಿಂದ ಕೈ ತೆಗೆದಳು. ಹಾಗಾದರೆ ಕೆನ್ನೆಯ ಮೇಲಿನ ಬಂಗು? ಅದಕ್ಕೂ ಆತುರದ ಲೇಸರ್ ಬೇಡ, ನಮ್ಮ ಬಣ್ಣಕ್ಕೆ ಅದರಿಂದ ಬಂಗು ಇನ್ನೂ ಕಪ್ಪಾಗೋದುಂಟು, ಮೊದಲು ಬಿಸಿಲಿಗೆ ಅಡ್ಡ ಏನಾದರೂ ಹಾಕಿಕೋ ಅಂದೆ. ಬದಲಿಗೆ ಅವಳ ಸೊಸೆಯ ವಿಷಯ ಎತ್ತಿದೆ. ಬೆಳ್ಳಗಾಗ್ತೀಯ ಅಂತ ಯಾರೋ ಹೇಳಿದ್ದಕ್ಕೆ ಆ ಹುಡುಗಿ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ಒಂದು ಟ್ಯೂಬು ತರಿಸಿಕೊಂಡು ತಿಂಗಳಾನುಗಟ್ಟಲೆ ಹಚ್ಚುತ್ತಿದ್ದಾಳೆ. ಸ್ಟೀರಾಯ್ಡ್ ಇರೋ ಮುಲಾಮು. ಮೊದಲು ಬೆಳ್ಳಗೆ ಕಾಣುತ್ತೆ, ಆಮೇಲೆ ಚರ್ಮ ತೆಳುವಾಗಿ, ಕೆಂಪಗೆ ಉರಿದು, ಮೊಡವೆ ಎದ್ದು, ಕೊನೆಗೆ ಮುಖದ ಮೇಲೆ ಕೂದಲೂ ಬರುತ್ತೆ. ದಿಢೀರನೆ ಬಿಟ್ಟರೂ ಕೆರಳುತ್ತೆ, ಅದಕ್ಕೇ ಮಂಡ್ಯದ ಮಿಮ್ಸಿನಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿ ಬಿಡಿಸಿ ಅಂದೆ. ದೊಡ್ಡವ್ವ ಈ ಸಲ ನಗಲಿಲ್ಲ. “ನಾಳೀಕೇ ಕರ್ಕಂಡೋಯ್ತೀನಿ” ಅಂದಳು.

ಬೇಲಿ ಬಿಟ್ಟು ನಾಲ್ಕು ಹೆಜ್ಜೆ ಹೋದವಳು ಮತ್ತೆ ತಿರುಗಿ ಬಂದಳು.

“ನೀ ಮುಂದುಕ್ಕೆ ಯಾವಾಗ ಹೋಗದು ಮೈಸೂರ್ಗೆ?”

“ತಿಂಗಳು ಆಗಬೇಕು.”

“ನಾನೂ ಬತ್ತೀನಿ.”

“ನಿಂದು ಬಿಳೀದು ದೊಡ್ಡವ್ವ, ಆಗಲ್ಲ ಅಂದ್ನಲ್ಲ.”

“ಗಡ್ಡುಕ್ಕಲ್ಲ ಕನವ್ವ. ಏಸಿ ಅದೆ ಅಂದ್ಯಲ್ಲ, ತಣ್ಣಗೆ ಕೂತಿರ್ತೀನಿ. ನೀನು ಸುಡುಸ್ಕಂಡು ಬಂದ್ಮೇಲೆ ದೇವರಾಜ ಮಾರ್ಕೆಟ್ಗೆ ಹೋಗಿ ಎರಡು ಕಟ್ಟು ಚಿಗುರೆಲೆ ತರಾವ. ಆ ಎಲೆ ಹಾಕ್ಕಂಡು ಎಸ್ಟು ದಿವ್ಸ ಆಯ್ತು.”